ನೆಟ್ಟವರು ಯಾರು, ನೆರಳು ಯಾರದು

2018ರ ಜೂನ್ 24, ಭಾನುವಾರ. ದಕ್ಷಿಣ ದೆಹಲಿಯ ಸರೋಜಿನಿ ನಗರದಲ್ಲಿ ನೂರಾರು ಜನ ಸೇರಿ ಬೇವಿನ ಮರಗಳನ್ನು ತಬ್ಬಿಕೊಂಡು ನಿಂತರು. ಅಲ್ಲಿನ ಸರ್ಕಾರಿ ವಸತಿಗೃಹಗಳನ್ನು ಕೆಡವಿ ಬಹುಮಹಡಿ ಕಟ್ಟಡಗಳನ್ನು ಎಬ್ಬಿಸುವ ಕೆಲಸ ಶುರುವಾಗಿತ್ತು. ಸರೋಜಿನಿ ನಗರ, ನೇತಾಜಿ ನಗರ, ನವರೋಜಿ ನಗರ ಮೊದಲಾದ ಏಳು ಬಡಾವಣೆಗಳಲ್ಲಿ ಒಟ್ಟು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಮರಗಳು ಉರುಳಬೇಕಿತ್ತು. ನವರೋಜಿ ನಗರದಲ್ಲಿ ಅಷ್ಟು ಹೊತ್ತಿಗಾಗಲೇ ಸಾವಿರಕ್ಕೂ ಹೆಚ್ಚು ಮರಗಳು ನೆಲಕ್ಕೆ ಬಿದ್ದಿದ್ದವು. ಮರುದಿನವೇ ವಿಷಯ ದೆಹಲಿ ಹೈಕೋರ್ಟಿನ ಮುಂದೆ ಬಂತು, ಕೊಡಲಿ ತಾತ್ಕಾಲಿಕವಾಗಿ ನಿಂತಿತು.

ಮರ ತಬ್ಬಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ ಕನ್ನಡಿಗರಿಗೆ 1983ರಲ್ಲಿ ಶಿರಸಿ ಬಳಿಯ ಸಾಲ್ಕಣಿಯಲ್ಲಿ ಶುರುವಾದ ಅಪ್ಪಿಕೋ ನೆನಪಾಗಿದ್ದರೆ ಆಶ್ಚರ್ಯವಿಲ್ಲ. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಸಾಲ್ಕಣಿಯವರು ಅಪ್ಪಿಕೊಂಡದ್ದು ಕಾಡಿನ ಮರವನ್ನು. ಸರೋಜಿನಿ ನಗರದ್ದು ಕಾಡಲ್ಲ. ಬಡಾವಣೆ ಕಟ್ಟಿದಾಗ ಇಲಾಖೆ ನೆಟ್ಟ ಸಾಲುಮರಗಳ ಜೊತೆಗೆ, ಅಲ್ಲಿ ಬಾಡಿಗೆಗೆ ಬಂದು ಹೋದ ಸಾವಿರಾರು ಸಂಸಾರಗಳು ಮನೆಯ ಹಿಂದೆ ಮುಂದೆ ನೆಟ್ಟು, ನೀರು ಹೊತ್ತು ಹಾಕಿ ಬೆಳೆಸಿದ ಹಸಿರು ಅದು. ನಗರದ ಜನ ತಾವೇ ಮಾಡಿ, ತಾವೇ ಹಂಚಿಕೊಂಡ ತೋಟ. ಅದನ್ನು ಹಾಗೆಂದು ಯಾವ ದಾಖಲೆಯೂ ಕರೆದಿರಲಿಲ್ಲ, ಅಷ್ಟೆ.

ದೆಹಲಿಯಲ್ಲಿ ಇಂಥ ತೋಟಗಳಿಗೆ ದೊಡ್ಡ ಚರಿತ್ರೆಯಿದೆ. ಅವುಗಳಲ್ಲಿ ಕೆಲವು ಉಳಿದವು, ಕೆಲವು ಅಳಿದವು. ಏಕೆ ಎಂದು ಹುಡುಕುತ್ತ ಹೋದರೆ ನೆಲ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆ ಮೊದಲು ಎದುರಾಗುತ್ತದೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಅದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆ ಕಾದಿರುತ್ತದೆ: ‘ಇದು ನಮ್ಮ ತೋಟ’ ಎನ್ನುವಾಗ ಆ ‘ನಮ್ಮ’ ಎಂಬುದರೊಳಗೆ ಯಾರು ಯಾರಿದ್ದಾರೆ?

ದೊರೆಗಳ ತೋಟ, ಗುಮಾಸ್ತರ ಪಾತಿ

ದೆಹಲಿಯ ತೋಟಗಳ ಕಥೆ ಸಾಮಾನ್ಯವಾಗಿ ದೊರೆಗಳಿಂದ ಶುರುವಾಗುತ್ತದೆ. ಹದಿನಾಲ್ಕನೆಯ ಶತಮಾನದ ಸುಲ್ತಾನ ಫಿರೋಜ್ ಶಾ ತುಘಲಕ್ ನಗರದ ಸುತ್ತಮುತ್ತ 1,200 ತೋಟಗಳನ್ನು ಮಾಡಿಸಿದನೆಂದು ಚರಿತ್ರೆಕಾರ ಶಮ್ಸ್ ಸಿರಾಜ್ ಅಫೀಫ್ ಬರೆದಿದ್ದಾನೆ. ಶಹಜಹಾನನ ಮಗಳು ಜಹನಾರಾ ಚಾಂದನಿ ಚೌಕದ ಪಕ್ಕದಲ್ಲೇ ವಿಶಾಲವಾದ ತೋಟ ಮಾಡಿಸಿದಳು. 1857ರ ನಂತರ ಬ್ರಿಟಿಷರು ಅದಕ್ಕೆ ತಮ್ಮ ರಾಣಿಯ ಹೆಸರಿಟ್ಟರು. ಇಂದು ಬೆಳಗಿನ ನಡಿಗೆಯವರಿಗೆ ಅಚ್ಚುಮೆಚ್ಚಾದ ಲೋಧಿ ಗಾರ್ಡನ್ 1936ರಲ್ಲಿ ಲೇಡಿ ವಿಲಿಂಗ್ಡನ್ ಪಾರ್ಕ್ ಎಂಬ ಹೆಸರಿನಲ್ಲಿ ತೆರೆಯಿತು. ಆ ಗೋರಿಗಳ ನಡುವೆ ಖೈರ್‌ಪುರ ಎಂಬ ಹಳ್ಳಿಯಿತ್ತು. ಹಳ್ಳಿಯನ್ನು ಎಬ್ಬಿಸಿ ಹುಲ್ಲುಹಾಸು ಮಾಡಲಾಯಿತು. ಇವೆಲ್ಲ ಜನರಿಗಾಗಿ ಯಾರೋ ಮಾಡಿದ, ಇಲ್ಲವೇ ಜನರನ್ನು ದೂರವಿಟ್ಟು ಯಾರೋ ಮಾಡಿಕೊಂಡ ತೋಟಗಳು.

ಜನರೇ ಮಾಡಿದ ತೋಟದ ಕಥೆ ಶುರುವಾಗುವುದು ಹಸಿವಿನಿಂದ. ಎರಡನೆಯ ಮಹಾಯುದ್ಧದ ನಡುವೆ, 1942ರ ಹೊತ್ತಿಗೆ, ಬರ್ಮಾದಿಂದ ಅಕ್ಕಿ ಬರುವುದು ನಿಂತುಹೋದಾಗ ‘ಹೆಚ್ಚು ಆಹಾರ ಬೆಳೆಯಿರಿ’ ಎಂಬ ಅಭಿಯಾನ ಹುಟ್ಟಿತು. ಸ್ವಾತಂತ್ರ್ಯದ ನಂತರವೂ ಅದು ಮುಂದುವರಿಯಿತು. ಗವರ್ನರ್ ಜನರಲ್ ಆಗಿದ್ದ ರಾಜಾಜಿ ಇಂದಿನ ರಾಷ್ಟ್ರಪತಿ ಭವನದ ಆವರಣದಲ್ಲಿ ತಾವೇ ನೇಗಿಲು ಹಿಡಿದು ಗೋಧಿ ಬೆಳೆಸಿದರು. ಆ ಜಾಗದಲ್ಲಿ ಈಗ ‘ದಾಲಿಖಾನಾ’ ಎಂಬ ತರಕಾರಿ ತೋಟವಿದೆ. 1965ರಲ್ಲಿ ಯುದ್ಧ ಮತ್ತು ಬರ ಒಟ್ಟಿಗೇ ಬಂದಾಗ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ತಮ್ಮ ನಿವಾಸದ ಹುಲ್ಲುಹಾಸನ್ನು ಉಳುಮೆ ಮಾಡಿಸಿ ಮತ್ತೊಮ್ಮೆ ಅದೇ ಮಾತು ಹೇಳಿದರು.

ದೊಡ್ಡವರ ಬಂಗಲೆಗಳಲ್ಲಿ ಅದು ಸಂದೇಶ. ಗುಮಾಸ್ತರ ಕ್ವಾರ್ಟರ್ಸ್‌ಗಳಲ್ಲಿ ಅದು ಸಂಸಾರ. ಸ್ವಾತಂತ್ರ್ಯ ಬಂದಮೇಲೆ ಕೇಂದ್ರ ಸರ್ಕಾರದ ಕಚೇರಿಗಳು ಬೆಳೆದವು, ದೇಶದ ಮೂಲೆಮೂಲೆಯಿಂದ ನೌಕರರು ದೆಹಲಿಗೆ ಬಂದರು. ಅವರಿಗಾಗಿ ಊರಿನ ದಕ್ಷಿಣಕ್ಕೆ ಹೊಸ ಬಡಾವಣೆಗಳು ಎದ್ದವು. ಇಂದಿನ ಸರೋಜಿನಿ ನಗರಕ್ಕೆ ಆಗ ವಿನಯ ನಗರ ಎಂದು ಹೆಸರು. ಒಂದು ಇಲ್ಲವೇ ಎರಡು ಅಂತಸ್ತಿನ ಮನೆಗಳ ಸಾಲು, ಸಾಲುಗಳ ನಡುವೆ ಚೌಕದಂಥ ಖಾಲಿ ನೆಲ, ಕೆಳಮನೆಯವರಿಗೆ ಹಿಂದೆ ಮುಂದೆ ಒಂದಿಷ್ಟು ಅಂಗಳ.

ಆ ಅಂಗಳಗಳಲ್ಲಿ ದೇಶವೇ ಬೆಳೆಯಿತು. ಪಂಜಾಬಿನವರು ಸಾಸಿವೆ ಸೊಪ್ಪು, ಮೂಲಂಗಿ ಹಾಕಿದರು. ಬಂಗಾಳದವರು ಕುಂಬಳದ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿದರು. ದಕ್ಷಿಣದವರ ಮನೆ ಯಾವುದು ಎಂದು ತಿಳಿಯಲು ಬಾಗಿಲ ಫಲಕ ಓದಬೇಕಿರಲಿಲ್ಲ, ಕರಿಬೇವು ನುಗ್ಗೆ ಕಂಡರೆ ಸಾಕಾಗಿತ್ತು. 1948ರಲ್ಲಿ ದೆಹಲಿ ಕರ್ನಾಟಕ ಸಂಘ ಕಟ್ಟಿದ ತಲೆಮಾರಿನ ಕನ್ನಡಿಗರಲ್ಲೂ ಅನೇಕರು ಇಂಥ ಸರ್ಕಾರಿ ಮನೆಗಳವರೇ. ಒಗ್ಗರಣೆಗೆ ಬೇಕಾದ ಸೊಪ್ಪು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗದ ಊರಿನಲ್ಲಿ ಒಂದು ಮನೆಯ ಕರಿಬೇವು ನಾಲ್ಕಾರು ಮನೆಗಳ ಕರಿಬೇವಾಗುತ್ತದೆ.

ದೆಹಲಿಯಲ್ಲಿ ಗಿಡ ಬೆಳೆಸುವುದು ಬೆಂಗಳೂರು, ಮೈಸೂರುಗಳಲ್ಲಿ ಬೆಳೆಸಿದಂತಲ್ಲ. ಮೇ–ಜೂನ್ ತಿಂಗಳುಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ, ‘ಲೂ’ ಎಂಬ ಒಣ ಬಿಸಿಗಾಳಿ ಎಳೆಯ ಸಸಿಗಳನ್ನು ಸುಟ್ಟುಬಿಡುತ್ತದೆ. ಸೊಪ್ಪು ತರಕಾರಿಗೆ ಒಳ್ಳೆಯ ಕಾಲವೆಂದರೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ. ದಸರೆ–ದೀಪಾವಳಿಯ ನಡುವೆ ಪಾಲಕ್, ಮೆಂತ್ಯ, ಹೂಕೋಸು ಹಾಕಿದರೆ ಚಳಿಗಾಲವಿಡೀ ಕುಯ್ಯಬಹುದು. ಮರವಾದರೆ ಮೊದಲ ಎರಡು ಮೂರು ಬೇಸಿಗೆ ದಾಟಿಸಬೇಕು. ಆಮೇಲೆ ಬೇವು, ನೇರಳೆಗಳು ತಮ್ಮ ಪಾಡಿಗೆ ತಾವು ಬೆಳೆಯುತ್ತವೆ. ಆ ಎರಡು ಮೂರು ಬೇಸಿಗೆ ಮುಗಿಯುವಷ್ಟರಲ್ಲಿ ಎಷ್ಟೋ ಬಾರಿ ನೆಟ್ಟವರಿಗೆ ವರ್ಗಾವಣೆಯೂ ಆಗುತ್ತಿತ್ತು. ಸರ್ಕಾರಿ ಮನೆಯ ತೋಟದ ಗುಣವೇ ಅದು: ಒಬ್ಬರು ನೆಡುತ್ತಾರೆ, ಮುಂದಿನ ಬಾಡಿಗೆದಾರರು ನೀರು ಹಾಕುತ್ತಾರೆ, ಅವರ ನಂತರ ಬಂದವರ ಮಕ್ಕಳು ನೇರಳೆ ಹಣ್ಣು ಉದುರಿಸಿ ನಾಲಿಗೆ ನೀಲಿ ಮಾಡಿಕೊಳ್ಳುತ್ತಾರೆ.

ಗೋಡೆ ಎದ್ದ ಪಾರ್ಕು

ಹಂಚಿಕೊಂಡ ತೋಟಗಳೆಲ್ಲ ಹೀಗೆ ಕೈಯಿಂದ ಕೈಗೆ ಸಾಗಿದವು ಎಂದುಕೊಂಡರೆ ತಪ್ಪಾದೀತು. 1957ರಲ್ಲಿ ದೆಹಲಿ ಅಭಿವೃದ್ಧಿ ಪ್ರಾಧಿಕಾರ, ಅಂದರೆ ಡಿಡಿಎ, ಹುಟ್ಟಿತು. 1962ರಲ್ಲಿ ನಗರದ ಮೊದಲ ಮಾಸ್ಟರ್ ಪ್ಲಾನ್ ಬಂತು. ಹೊಸ ಬಡಾವಣೆಗಳಿಗೆಲ್ಲ ನಕ್ಷೆಯಲ್ಲೇ ಪಾರ್ಕು ಬಂತು. ಇಂದು ದೆಹಲಿಯಲ್ಲಿ ಸಣ್ಣವು ದೊಡ್ಡವು ಸೇರಿ ಸುಮಾರು ಹದಿನೆಂಟು ಸಾವಿರ ಪಾರ್ಕುಗಳಿವೆ ಎಂಬುದು ಸರ್ಕಾರದ ಲೆಕ್ಕ. ಅಷ್ಟು ಪಾರ್ಕುಗಳನ್ನು ಸರ್ಕಾರವೊಂದೇ ನೋಡಿಕೊಳ್ಳುವುದು ಆಗದ ಮಾತು. ಹಾಗಾಗಿ ಬಡಾವಣೆಯ ನಿವಾಸಿಗಳ ಸಂಘಗಳು ಗೇಟು, ಬೇಲಿ, ಮಾಲಿ, ಹೂವಿನ ಗಿಡ ಎಲ್ಲವನ್ನೂ ತಮ್ಮ ಕೈಗೆ ತೆಗೆದುಕೊಂಡವು. 2004ರಲ್ಲಿ ದೆಹಲಿ ಸರ್ಕಾರ ‘ಪಾರ್ಕ್ಸ್ ಅಂಡ್ ಗಾರ್ಡನ್ಸ್ ಸೊಸೈಟಿ’ ಎಂಬ ಸಂಸ್ಥೆ ಮಾಡಿ, ಪಾರ್ಕು ನೋಡಿಕೊಳ್ಳುವ ಸಂಘಗಳಿಗೆ ಹಣ ಕೊಡುವ ಏರ್ಪಾಡನ್ನೂ ಮಾಡಿತು. ಕಸದ ರಾಶಿಗಳಾಗಿದ್ದ ಎಷ್ಟೋ ಜಾಗಗಳು ಹೀಗೆ ಹಸಿರಾದವು. ಒಣಗಿದ ಎಲೆಯನ್ನು ಸುಡುವುದು ಬಿಟ್ಟು ಗುಂಡಿಯಲ್ಲಿ ಕೊಳೆಸಿ ಗೊಬ್ಬರ ಮಾಡುವ ಅಭ್ಯಾಸ ಬಂತು.

ಆದರೆ ಗೇಟು ಬಂದಲ್ಲಿ ಬೀಗವೂ ಬರುತ್ತದೆ. ಅದರ ಅತ್ಯಂತ ಕರಾಳ ಮುಖ ಕಂಡದ್ದು 1995ರ ಜನವರಿ 30ರ ಬೆಳಗ್ಗೆ, ವಾಯವ್ಯ ದೆಹಲಿಯ ಅಶೋಕ್ ವಿಹಾರದಲ್ಲಿ. ಅಲ್ಲಿನ ಪಾರ್ಕಿನ ಒಂದು ಬದಿಗೆ ಅನುಕೂಲಸ್ಥರ ಮನೆಗಳು, ಇನ್ನೊಂದು ಬದಿಗೆ ಜೋಪಡಿಗಳು. ಮನೆಯವರಿಗೆ ಅದು ಮರ ಹುಲ್ಲುಗಳ ನಡುವೆ ಅಡ್ಡಾಡುವ ಜಾಗ. ಶೌಚಾಲಯವೇ ಇಲ್ಲದ ಜೋಪಡಿಗಳವರಿಗೆ ಬಹಿರ್ದೆಸೆಗೆ ಇದ್ದ ಒಂದೇ ಬಯಲು. ಮನೆಯವರು ಮೊದಲೇ ಹಣ ಹಾಕಿ ನಡುವೆ ಗೋಡೆ ಕಟ್ಟಿಸಿದ್ದರು. ಬೇಗನೆ ಅದರಲ್ಲಿ ಕಂಡಿ ಬಿತ್ತು. ಅದೇ ಮನೆಗಳಲ್ಲಿ ಪಾತ್ರೆ ಬಟ್ಟೆ ತೊಳೆಯಲು ಬರುತ್ತಿದ್ದವರ ದಾರಿಯೂ ಆ ಕಂಡಿಯೇ ಆಗಿತ್ತು. ಆ ದಿನ ಬೆಳಗ್ಗೆ ಬಹಿರ್ದೆಸೆಗೆಂದು ಬಂದ ಯುವಕನೊಬ್ಬನನ್ನು ಕೆಲವು ನಿವಾಸಿಗಳು ಮತ್ತು ಇಬ್ಬರು ಪೊಲೀಸರು ಸೇರಿ ಹೊಡೆದು ಕೊಂದರು. ಪ್ರತಿಭಟನೆಗೆ ಸೇರಿದ ಜೋಪಡಿಯವರ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ಇನ್ನೂ ನಾಲ್ವರು ಸತ್ತರು.

ಸಮಾಜಶಾಸ್ತ್ರಜ್ಞೆ ಅಮಿತಾ ಬಾವಿಸ್ಕರ್ ಈ ಘಟನೆಯನ್ನು ದೆಹಲಿಯ ಕುರಿತ ತಮ್ಮ ಅಧ್ಯಯನದಲ್ಲಿ ದಾಖಲಿಸಿದ್ದಾರೆ. ನಗರದ ಹಸಿರು, ಶುಚಿತ್ವಗಳ ಮಾತು ಬಡವರನ್ನು ಹೊರಗೆ ದೂಡುವ ಹತಾರವಾಗಬಲ್ಲದು ಎಂಬುದು ಅವರ ವಾದ. ನಿವಾಸಿಗಳೇ ಅಕ್ಕರೆಯಿಂದ ಕಾಪಾಡಿದ ತೋಟ ಎಂದಾಕ್ಷಣ ಅದು ಎಲ್ಲರ ತೋಟ ಆಗಿಬಿಡುವುದಿಲ್ಲ. ‘ನಿವಾಸಿ’ ಎಂಬ ಪದದೊಳಗೆ ಮನೆಕೆಲಸದವಳು, ಕಾವಲುಗಾರ, ಇಸ್ತ್ರಿಯವನು ಬರುತ್ತಾರೆಯೇ ಎಂಬುದರ ಮೇಲೆ ಅದು ನಿಂತಿದೆ.

ಉದ್ಯಾನ ಎನಿಸಿಕೊಳ್ಳದ ತೋಟ

ಹಾಗೆ ಹೊರಗುಳಿದವರೂ ದೆಹಲಿಯಲ್ಲಿ ತೋಟ ಮಾಡಿದ್ದಾರೆ. ಯಮುನೆಯ ಎರಡೂ ದಡಗಳಲ್ಲಿ, ‘ಖಾದರ್’ ಎಂದು ಕರೆಯುವ ನೆರೆಯ ಬಯಲಿನಲ್ಲಿ, ಪ್ರತಿ ಮಳೆಗಾಲ ನದಿ ತಂದು ಹಾಕುವ ಮೆಕ್ಕಲು ಮಣ್ಣಿದೆ. 1949ರ ಹೊತ್ತಿಗೆ ಅಲ್ಲಿನ ರೈತರು ಸಹಕಾರ ಸಂಘಗಳನ್ನು ಕಟ್ಟಿಕೊಂಡರು, ಆಗಿನ ಸರ್ಕಾರಿ ಟ್ರಸ್ಟಿನಿಂದ ನೆಲವನ್ನು ಗುತ್ತಿಗೆಗೆ ಪಡೆದು ತಮ್ಮೊಳಗೆ ಹಂಚಿಕೊಂಡರು. ಮುಂದೆ ಉತ್ತರ ಪ್ರದೇಶ, ಬಿಹಾರಗಳಿಂದ ಬಂದ ಕುಟುಂಬಗಳೂ ಅಲ್ಲಿ ಗೇಣಿಗೆ ದುಡಿಯತೊಡಗಿದವು. ಮೂಲಂಗಿ, ಪಾಲಕ್, ಹೂಕೋಸು, ಸೋರೆ, ಗುಲಾಬಿ, ಚೆಂಡುಹೂವು: ಬೆಳಗಿನ ಜಾವ ಕುಯ್ದದ್ದು ಹೊತ್ತೇರುವ ಮೊದಲೇ ಪಕ್ಕದ ಮಂಡಿಯಲ್ಲಿರುತ್ತಿತ್ತು.

ಇದನ್ನು ಯಾರೂ ‘ಉದ್ಯಾನ’ ಎನ್ನಲಿಲ್ಲ. ಆ ನೆಲ ನಗರದ ಕಣ್ಣಿಗೆ ಖಾಲಿ ಜಾಗವಾಗಿಯೇ ಕಂಡಿತು. ಅಕ್ಷರಧಾಮ ದೇವಾಲಯ, ಕಾಮನ್‌ವೆಲ್ತ್ ಕ್ರೀಡಾಗ್ರಾಮ, ಮೆಟ್ರೊ ಡಿಪೊ ಒಂದರ ಹಿಂದೊಂದು ನದಿಯ ಬಯಲಿಗೆ ಬಂದವು. 2015ರ ಜನವರಿ 13ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಯಮುನೆಯನ್ನು ಶುದ್ಧಗೊಳಿಸುವ ದೊಡ್ಡ ತೀರ್ಪು ಕೊಟ್ಟಿತು. ನದಿಯ ನೀರು ಶುದ್ಧವಾಗುವವರೆಗೆ ಬಯಲಿನಲ್ಲಿ ತಿನ್ನುವ ಬೆಳೆ ಬೆಳೆಯಕೂಡದು ಎಂಬುದೂ ಅದರಲ್ಲಿತ್ತು. ಕಾರಣ ಸುಳ್ಳಲ್ಲ; ಆ ನೀರಿನಲ್ಲಿ ಬೆಳೆದ ತರಕಾರಿಯಲ್ಲಿ ಭಾರಲೋಹಗಳು ಕಂಡುಬಂದಿದ್ದವು. ಆದರೆ ನೀರನ್ನು ಕೆಡಿಸಿದ್ದು ರೈತರಲ್ಲ. ನಜಫ್‌ಗಢ ನಾಲೆ ಮೊದಲಾದ ಚರಂಡಿಗಳ ಮೂಲಕ ಇಡೀ ನಗರ ತನ್ನ ಕೊಳೆಯನ್ನು ನದಿಗೆ ಬಿಟ್ಟಿತ್ತು. ಕೊಳೆ ಬಿಟ್ಟವರು ಮನೆಯಲ್ಲಿ ಉಳಿದರು, ಬೆಳೆ ಬೆಳೆದವರು ಜಾಗ ಬಿಡಬೇಕಾಯಿತು. ಮುಂದಿನ ವರ್ಷಗಳಲ್ಲಿ ಗುಡಿಸಲುಗಳು, ನಿಂತ ಬೆಳೆ ಬುಲ್ಡೋಜರಿಗೆ ಸಿಕ್ಕವು. ಈಗ ಅದೇ ದಡದಲ್ಲಿ ಡಿಡಿಎ ‘ಅಸಿತ’, ‘ಬಾನ್‌ಸೇರಾ’ ಎಂಬ ಚಂದದ ಹೆಸರಿನ ಉದ್ಯಾನಗಳನ್ನು ಮಾಡಿದೆ.

ಸರೋಜಿನಿ ನಗರದ ಬೇವನ್ನು ತಬ್ಬಲು ಬಂದ ನಗರ ಖಾದರಿನ ಮೂಲಂಗಿ ಪಾತಿಯ ಪರವಾಗಿ ಅಷ್ಟು ದೊಡ್ಡ ಸಂಖ್ಯೆಯಲ್ಲಿ ಬೀದಿಗೆ ಬರಲಿಲ್ಲ. ಅಲ್ಲಿ ಬೆಳೆದದ್ದನ್ನು ದೆಹಲಿ ಎಪ್ಪತ್ತು ವರ್ಷ ತಿಂದಿದೆ. ಆದರೆ ಬೆಳೆದವರು ದೆಹಲಿಯ ‘ನಾವು’ ಎಂಬುದರೊಳಗೆ ಬಂದಿರಲಿಲ್ಲ.

ಗಣಿಯ ಗುಂಡಿಯಲ್ಲಿ ಕಾಡು

ಯಮುನೆಯ ದಡ ಬಿಟ್ಟು ನಗರದ ದಕ್ಷಿಣದ ಅಂಚಿಗೆ, ದೆಹಲಿ ಮುಗಿದು ಹರಿಯಾಣ ಶುರುವಾಗುವ ಗುರುಗ್ರಾಮಕ್ಕೆ ಬಂದರೆ ಇದಕ್ಕಿಂತ ಬೇರೆಯಾದ ಒಂದು ಕಥೆ ಸಿಗುತ್ತದೆ. ಅಲ್ಲಿ ಅರಾವಳಿ ಬೆಟ್ಟಸಾಲಿನ ಬಾಲದಂಥ ಒಂದು ತುಂಡಿದೆ. ದಶಕಗಳ ಕಾಲ ಅಲ್ಲಿ ಕಲ್ಲು ಒಡೆದರು, ಕ್ರಷರುಗಳು ಜಲ್ಲಿ ಮಾಡಿದವು; ದೆಹಲಿ, ಗುರುಗ್ರಾಮಗಳ ಎಷ್ಟೋ ಕಟ್ಟಡಗಳೊಳಗೆ ಆ ಬೆಟ್ಟವಿದೆ. 2002ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಗೆ ತಡೆ ಹಾಕಿದ ಮೇಲೆ ಉಳಿದದ್ದು ಗುಂಡಿಗಳು, ದೂಳು ಮತ್ತು ವಿಲಾಯತಿ ಕೀಕರ್. ಉತ್ತರ ಕರ್ನಾಟಕದವರಿಗೆ ಈ ಮರದ ಪರಿಚಯ ಹೇಳಬೇಕಿಲ್ಲ, ಅದು ನಮ್ಮ ಬಳ್ಳಾರಿ ಜಾಲಿ. ಬೇರೆ ಏನನ್ನೂ ಬೆಳೆಯಗೊಡದ, ಅಮೆರಿಕ ಖಂಡದಿಂದ ಬಂದ ಮುಳ್ಳಿನ ಮರ. ಬ್ರಿಟಿಷರ ಕಾಲದಲ್ಲಿ ದೆಹಲಿಯ ಬೋಳು ಗುಡ್ಡಗಳನ್ನು ಬೇಗ ಹಸಿರು ಮಾಡಲು ತಂದದ್ದು ಗುಡ್ಡಗಳನ್ನೇ ಆಕ್ರಮಿಸಿತ್ತು.

ಗುರುಗ್ರಾಮದ ಕೆಲವು ನಿವಾಸಿಗಳು ‘ಐ ಆ್ಯಮ್ ಗುರ್‌ಗಾಂವ್’ ಎಂಬ ಗುಂಪು ಕಟ್ಟಿಕೊಂಡು ನಗರಪಾಲಿಕೆಯ ಜೊತೆ ಮಾತಾಡಿದರು. 2010ರ ಜೂನ್ 5ರಂದು, ವಿಶ್ವ ಪರಿಸರ ದಿನ, ಸುಮಾರು 380 ಎಕರೆಯ ಅರಾವಳಿ ಜೈವವೈವಿಧ್ಯ ಉದ್ಯಾನಕ್ಕೆ ಚಾಲನೆ ಸಿಕ್ಕಿತು. ಕೆಲಸದ ಹೊಣೆ ಹೊತ್ತವರು ವಿಜಯ್ ಧಸ್ಮಾನಾ. ಹೂವಿನ ಗಿಡ, ಹುಲ್ಲುಹಾಸುಗಳ ಪಾರ್ಕು ಬೇಡ, ಈ ಬೆಟ್ಟದಲ್ಲಿ ಮೊದಲು ಏನಿತ್ತೋ ಅದೇ ಕಾಡು ಬೇಕು ಎಂದು ಅವರು ಹಟ ಹಿಡಿದರು.

ಆ ಕಾಡಿನ ಸಸಿಗಳು ಸರ್ಕಾರಿ ನರ್ಸರಿಗಳಲ್ಲಿ ಇರಲೇ ಇಲ್ಲ. ನಮ್ಮ ದಿಂಡಿಗ ಮರದ ಸೋದರಸಂಬಂಧಿಯಾದ ‘ಧೌ’, ಧೂಪದ ಅಂಟು ಕೊಡುವ ‘ಸಾಲೈ’, ಕಗ್ಗಲಿ, ಮುತ್ತುಗ ಇವುಗಳ ಬೀಜಕ್ಕಾಗಿ ಅರಾವಳಿಯಲ್ಲಿ ಇನ್ನೂ ಉಳಿದಿದ್ದ ಹಳೆಯ ಕಾಡುಗಳನ್ನು ಹುಡುಕಿಕೊಂಡು ಹೋಗಬೇಕಾಯಿತು. ಅಂಥದ್ದೊಂದು ಕಾಡು ಹತ್ತಿರದಲ್ಲೇ ಇತ್ತು. ಮಾಂಗರ್ ಎಂಬ ಹಳ್ಳಿಯ ‘ಬನಿ’, ಅಂದರೆ ದೇವರ ಬನ. ನಮ್ಮ ಕೊಡಗಿನ ದೇವರಕಾಡಿನಂತೆ ಅಲ್ಲೂ ಗುರುವಿನ ಹೆಸರಿನಲ್ಲಿ ಕೊಂಬೆ ಮುರಿಯಬಾರದೆಂಬ ಕಟ್ಟಳೆಯಿದೆ. ಹಳ್ಳಿಯವರು ತಲೆಮಾರುಗಳಿಂದ ಹಂಚಿಕೊಂಡು ಕಾಪಾಡಿದ್ದು ಇಲ್ಲದಿದ್ದರೆ ನಗರದವರ ಈ ಕೆಲಸಕ್ಕೆ ಬೀಜ ಹುಡುಕುವುದು ಇನ್ನೆಷ್ಟು ಕಷ್ಟವಾಗುತ್ತಿತ್ತೋ. ಉದ್ಯಾನದೊಳಗೇ ನರ್ಸರಿ ಮಾಡಿ, ಜಾಲಿಯನ್ನು ಕಡಿಮೆ ಮಾಡುತ್ತ ಮಳೆಗಾಲದಲ್ಲಿ ನೆಡತೊಡಗಿದರು. ಶಾಲೆಯ ಮಕ್ಕಳು, ಕಂಪನಿಗಳ ಉದ್ಯೋಗಿಗಳು, ಅಪಾರ್ಟ್‌ಮೆಂಟಿನ ಅಜ್ಜ ಅಜ್ಜಿಯರು ಗುಣಿ ತುಂಬಿದರು, ನೀರು ಹೊತ್ತರು. ಹತ್ತು ವರ್ಷದೊಳಗೆ ನೂರಾರು ಜಾತಿಯ ಸ್ಥಳೀಯ ಸಸ್ಯಗಳು ಬಂದವು, ಅವುಗಳ ಹಿಂದೆ ಹಕ್ಕಿಗಳು ಬಂದವು.

ನಡುವೆ ಹೆದ್ದಾರಿಯೂ ಬರಬೇಕಿತ್ತು. ದೆಹಲಿ–ಗುರುಗ್ರಾಮಗಳ ವಾಹನ ದಟ್ಟಣೆ ತಗ್ಗಿಸಲು ಉದ್ಯಾನದ ಮೂಲಕ ರಸ್ತೆ ಹಾಯಿಸುವ ಯೋಜನೆ ಬಂದಾಗ ಬೀದಿಗಿಳಿದವರು ಬರೀ ಪರಿಸರವಾದಿಗಳಲ್ಲ. ಅಲ್ಲಿ ಒಂದು ಸಸಿ ನೆಟ್ಟ ಮಗುವಿನ ಅಪ್ಪ ಅಮ್ಮ ಬಂದರು, ಬೆಳಗ್ಗೆ ಓಡಲು ಹೋಗುವವರು ಬಂದರು, ಹಕ್ಕಿ ನೋಡುವವರು ಬಂದರು. ಆ ರಸ್ತೆ ಆಗಲಿಲ್ಲ. 2022ರ ಫೆಬ್ರುವರಿಯಲ್ಲಿ ಈ ಉದ್ಯಾನ ದೇಶದ ಮೊದಲ ‘ಒಇಸಿಎಂ’ ತಾಣವೆಂಬ ಮನ್ನಣೆ ಪಡೆಯಿತು. ಅಭಯಾರಣ್ಯವೂ ಅಲ್ಲ, ರಾಷ್ಟ್ರೀಯ ಉದ್ಯಾನವೂ ಅಲ್ಲ, ಆದರೂ ಜೀವಸಂಕುಲವನ್ನು ಕಾಪಾಡುತ್ತಿರುವ ಜಾಗಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತು ಅದು.

ಆ ಗುರುತು ಕಾನೂನಿನ ಕೋಟೆಯಲ್ಲ. ನೆಲ ಇಂದಿಗೂ ನೆಟ್ಟವರ ಹೆಸರಿನಲ್ಲಿಲ್ಲ. ಆದರೂ ಅಲ್ಲಿ ಒಂದು ಸಸಿಯನ್ನಾದರೂ ನೆಟ್ಟವರ ಸಂಖ್ಯೆ ಎಷ್ಟು ದೊಡ್ಡದಿತ್ತೆಂದರೆ ರಸ್ತೆಯ ಯೋಜನೆ ಅದನ್ನು ದಾಟಲಾಗಲಿಲ್ಲ.

ಹತ್ತು ಸಸಿಯ ಲೆಕ್ಕ

ಮತ್ತೆ ಸರೋಜಿನಿ ನಗರಕ್ಕೆ. 1994ರ ದೆಹಲಿ ಮರ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ ಒಂದು ಮರ ಕಡಿದರೆ ಹತ್ತು ಸಸಿ ನೆಡಬೇಕು. ಕಾಗದದ ಮೇಲೆ ಇದು ಲಾಭದ ವ್ಯವಹಾರ. ಆದರೆ 2018ರಲ್ಲೇ ಹೊರಬಂದ ಸಿಎಜಿ ವರದಿ, ಹಿಂದಿನ ಮೂರು ವರ್ಷಗಳಲ್ಲಿ ಹೀಗೆ ನೆಡಬೇಕಿದ್ದ ಗಿಡಗಳಲ್ಲಿ ಮೂರನೆಯ ಒಂದು ಭಾಗದಷ್ಟನ್ನು ಮಾತ್ರ ನೆಡಲಾಗಿದೆ ಎಂದು ಹೇಳಿತ್ತು. ನೆಟ್ಟದ್ದರಲ್ಲೂ ಮೊದಲ ಮೂರು ಬೇಸಿಗೆ ನೀರು ಹೊರಲು ಯಾವ ಮನೆಯವರಿದ್ದರು? ಕ್ವಾರ್ಟರ್ಸ್‌ನ ಬೇವಿಗೆ ಇದ್ದದ್ದು, ನಗರದ ಹೊರವಲಯದ ಬಯಲಿನ ಸಸಿಗೆ ಇಲ್ಲದ್ದು ಆ ಒಬ್ಬರೇ.

ನಮ್ಮಲ್ಲಿ ಸಾಲುಮರದ ತಿಮ್ಮಕ್ಕನವರ ಆಲದ ಮರಗಳು ನಿಂತದ್ದೂ ಸರ್ಕಾರದ ರಸ್ತೆಯ ಬದಿಯಲ್ಲೇ. 2019ರಲ್ಲಿ ರಸ್ತೆ ಅಗಲಿಸುವ ಮಾತು ಬಂದಾಗ ಅವರೇ ಹೋಗಿ ಕೇಳಿಕೊಂಡರು, ಬೇರೆ ದಾರಿ ನೋಡುವುದಾಗಿ ಸರ್ಕಾರ ಹೇಳಿತು. ನೆಟ್ಟವರು ಯಾರೆಂದು ಇಡೀ ನಾಡಿಗೆ ಗೊತ್ತಿತ್ತು. ಸರೋಜಿನಿ ನಗರದಲ್ಲಿ ನೆಟ್ಟವರು ನಿವೃತ್ತರಾಗಿ ಧಾರವಾಡಕ್ಕೋ ಲುಧಿಯಾನಕ್ಕೋ ಮರಳಿ ಎಷ್ಟೋ ವರ್ಷಗಳಾಗಿದ್ದವು. ಮನೆಗಳು ಖಾಲಿಯಾಗಿದ್ದವು. ಹಾಗಾಗಿ ಆ ಭಾನುವಾರ ಮರ ತಬ್ಬಲು ನೆರೆದವರಲ್ಲಿ ಹೆಚ್ಚಿನವರು ಆ ಬಡಾವಣೆಯವರೇ ಅಲ್ಲ. ಆ ನೇರಳೆಯ ಹಣ್ಣು ತಿಂದವರೂ ಅಲ್ಲ. ದೆಹಲಿಯ ಬೇರೆ ಬೇರೆ ಮೂಲೆಗಳಿಂದ ಬಂದ ಅಪರಿಚಿತರು, ಹೆಸರೇ ತಿಳಿಯದ ಯಾರೋ ನೆಟ್ಟದ್ದನ್ನು ತಮ್ಮದೆಂದು ಹೇಳಿಕೊಂಡರು. ಮುಂದೆ ಸಚಿವಾಲಯ ಕಟ್ಟಡಗಳ ವಿನ್ಯಾಸವನ್ನೇ ಬದಲಿಸುವುದಾಗಿ ಹೇಳಿತು. ಕೆಲವು ಮರಗಳು ಉಳಿದವು, ಕೆಲವು ಹೋದವು. ವ್ಯಾಜ್ಯಗಳು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಸಾಗಿದವು.

ಉಳಿದ ಬೇವುಗಳ ಸುತ್ತ ಈಗ ಎತ್ತರದ ಕಟ್ಟಡಗಳಿವೆ. ಅವುಗಳ ಮನೆಗಳಲ್ಲಿ ಮುಂದೆಯೂ ದೂರದ ಊರುಗಳ ನೌಕರರೇ ಇರುತ್ತಾರೆ. ಹತ್ತನೆಯ ಅಂತಸ್ತಿನಲ್ಲಿ ಅಂಗಳವಿರುವುದಿಲ್ಲ, ಬಾಲ್ಕನಿಯ ಕುಂಡದಲ್ಲಿ ಒಂದು ಕರಿಬೇವು ಹಿಡಿಸಬಹುದು. ಕೆಳಗೆ, ಕಟ್ಟಡಗಳ ನಡುವಿನ ಎಲ್ಲರ ನೆಲದಲ್ಲಿ ಒಂದು ನುಗ್ಗೆ ಕೊಂಬೆ ಊರಲು ಅನುಮತಿ ಯಾರನ್ನು ಕೇಳಬೇಕು, ಅದರ ಕಾಯಿ ಯಾರೆಲ್ಲ ಕೀಳಬಹುದು ಎಂಬುದನ್ನು ಅವರು ಹೊಸದಾಗಿ ತೀರ್ಮಾನಿಸಿಕೊಳ್ಳಬೇಕಿದೆ.